ಬಸವನಬೆನ್ನಿನ ಮೇಲೆ ನಾಲ್ಕು ಕಡ್ಡಿ

ಎತ್ತರದ ವಿಷಯದಲ್ಲಿ ನನ್ನಷ್ಟು ತಿಳಿದವರು ಹೆಗ್ಗದ್ದೆಯ ಸುತ್ತಮುತ್ತ ಇನ್ನೊಬ್ಬರಿಲ್ಲ ಎಂದು ಹೋದ ಮೇ ತಿಂಗಳ ಒಂದು ಭಾನುವಾರ ಬೆಳಗಿನವರೆಗೆ ನಾನು ದೃಢವಾಗಿ ನಂಬಿದ್ದೆ. ಸಂಜೆಯ ಹೊತ್ತಿಗೆ ಆ ನಂಬಿಕೆಯೂ ಇರಲಿಲ್ಲ, ನನ್ನ ಪ್ಯಾಂಟಿನ ಹಿಂಭಾಗವೂ ಇರಲಿಲ್ಲ!

ನಾನು ಇಲ್ಲಿನ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ, ಎಷ್ಟು ಇಂಚು ಮಳೆ ಬಿತ್ತು ಎಂದು ಬರೆದಿಡುವುದು ನನ್ನ ಉದ್ಯೋಗ. ಹೆಂಡತಿ ಶಾರದಾ ಮೂರು ವರ್ಷದಿಂದ ಹಾಸನದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಾಳೆ. ಮಗಳ ಹತ್ತನೇ ತರಗತಿಗೆಂದು ಹೋದವಳು ಪಿಯುಸಿ ಮುಗಿಯುವ ತನಕ ಅಲ್ಲೇ ನಿಂತಳು. ನಾನು ಇಲ್ಲಿ ಎಸ್ಟೇಟಿನ ಕ್ವಾರ್ಟರ್ಸ್‌ನಲ್ಲಿ ಒಬ್ಬನೇ. ಎರಡು ಕೋಣೆ, ಒಂದು ಅಡಿಗೆಮನೆ, ಒಂದು ರೇಡಿಯೋ. ರೇಡಿಯೋ ಕೂಡ ಮಳೆಗಾಲದಲ್ಲಿ ಮಾತಾಡುವುದಿಲ್ಲ.

ನಮ್ಮ ಕಡೆ ಫೋನ್ ಎಲ್ಲರ ಹತ್ತಿರವೂ ಇದೆ, ರೇಂಜ್ ಯಾರ ಹತ್ತಿರವೂ ಇಲ್ಲ. ಅದಕ್ಕಾಗಿ ಆಳುಗಳಿರುವ ಲೈನ್ ಮನೆಗಳ ಮೇಲ್ಗಡೆ ಒಂದು ದೊಡ್ಡ ಬಂಡೆ ಇದೆ. ಹೆಸರು ರೇಂಜ್ ಕಲ್ಲು. ಸಂಜೆ ಆರು ಗಂಟೆಗೆ ಫೋನ್ ಮಾಡಬೇಕಾದವರೆಲ್ಲ ಅದನ್ನು ಹತ್ತುತ್ತಾರೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಜಾಗ. ಮೇಸ್ತ್ರಿ ದ್ಯಾವಣ್ಣನದು ಬಂಡೆಯ ಮೂತಿ. ಲೈನ್ ಮನೆಯ ಕಮಲಕ್ಕ ಆಲೂರಿನ ತಂಗಿಯ ಜೊತೆ ಮಾತಾಡುವುದು ನೇರಳೆ ಮರದ ಬುಡದಲ್ಲಿ, ಅದೂ ಎಡಗಿವಿಯಲ್ಲಿ ಮಾತ್ರ. ನನ್ನ ಜಾಗ ಇಬ್ಬರ ಮಧ್ಯೆ. ಒಂದು ಹೆಜ್ಜೆ ಆಚೆ ಸರಿದರೆ ಲೈನ್ ಕಟ್! ಒಬ್ಬರು ಮಾತಾಡುವಾಗ ಉಳಿದವರು ಮರ್ಯಾದೆಗೆ ಆಕಾಶ ನೋಡಬೇಕು ಎಂಬುದು ಅಲ್ಲಿನ ಕಟ್ಟಳೆ. ಎಲ್ಲರೂ ಪಾಲಿಸುತ್ತಾರೆ. ಕಣ್ಣು ಆಕಾಶದ ಕಡೆ, ಕಿವಿ ನಮ್ಮ ಕಡೆ.

ಹೀಗಾಗಿ ಮೂರು ವರ್ಷದಿಂದ ನಾನು ಹೆಂಡತಿಯೊಡನೆ ನಡೆಸಿದ ಸಂಭಾಷಣೆ ಇಷ್ಟೇ:

“ಊಟ ಆಯ್ತಾ?” ಎಂದು ಅವಳು.

“ಆಯ್ತು. ನಿಂದು?”

“ಆಯ್ತು. ಮಳೆ ಐತಾ ಆ ಕಡೆ?”

“ಐತೆ. ಸರಿ, ಇಡ್ತೀನಿ.”

ಒಬ್ಬನೇ ಇದ್ದರೆ ಮನೆಯ ಗೋಡೆ ಎಷ್ಟು ದೂರ ದೂರ ಆಗುತ್ತದೆ ಎಂಬ ವಿಷಯವನ್ನು ದ್ಯಾವಣ್ಣನ ಎದುರಿಗೆ ಹೇಳುವುದು ಹೇಗೆ? ನಾಳೆ ಬೆಳಗ್ಗೆ ಹಾಜರಿ ಕರೆಯಬೇಕಾದವನು ನಾನು!

ಈ ನಡುವೆ ಮಗಳು ತನ್ನ ಹಳೆಯ ಫೋನನ್ನು ನನಗೆ ದಾನ ಮಾಡಿದಳು. ಅದರಲ್ಲಿ ಎತ್ತರ ತೋರಿಸುವ ಒಂದು ಆ್ಯಪ್ ಇತ್ತು. ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಮೇಲಿದ್ದೀರಿ ಎಂದು ನಿಂತಲ್ಲೇ ಹೇಳುತ್ತದೆ. ಅಂದಿನಿಂದ ನಾನು ಕಾಲಿಟ್ಟ ಜಾಗವನ್ನೆಲ್ಲ ಅಳೆಯತೊಡಗಿದೆ. ಸ್ಟೋರ್, ಕಾಫಿ ಒಣಗಿಸುವ ಕಣ, ದನದ ಕೊಟ್ಟಿಗೆ, ಪಾಯಿಖಾನೆ, ಯಾವುದನ್ನೂ ಬಿಡಲಿಲ್ಲ. ಧಣಿಗಳ ಬಂಗಲೆ ಲೈನ್ ಮನೆಗಿಂತ ಹನ್ನೊಂದು ಮೀಟರ್ ತಗ್ಗಿನಲ್ಲಿದೆ ಎಂಬ ಮಹತ್ವದ ಸಂಶೋಧನೆಯನ್ನು ಖುದ್ದಾಗಿ ಧಣಿಗಳಿಗೇ ಒಪ್ಪಿಸಿದೆ. ಅವರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಒಂದೇ ಒಂದು ತೊಡಕೆಂದರೆ, ನನ್ನ ಕ್ವಾರ್ಟರ್ಸ್ ಸೋಮವಾರ ಎಂಟುನೂರ ತೊಂಬತ್ತು ಮೀಟರ್ ಇದ್ದದ್ದು ಬುಧವಾರ ಮೋಡ ಕವಿದಾಗ ಒಂಬೈನೂರ ಇಪ್ಪತ್ತಾಯಿತು!

“ಮನೆ ಬೆಳೀತಾ ಐತಾ ರೈಟ್ರೆ?” ಎಂದ ದ್ಯಾವಣ್ಣ.

“ಭೂಮಿ ಉಬ್ಬುತ್ತೆ ಮಾರಾಯ, ಮಳೆಗೆ. ಬಾಗಿಲು ಉಬ್ಬಲ್ವಾ, ಹಂಗೆ,” ಎಂದು ಗಂಭೀರವಾಗಿ ವಿವರಿಸಿದೆ. ಆ ಆ್ಯಪ್ ಅಳೆಯುವುದು ಗಾಳಿಯ ಒತ್ತಡವನ್ನು, ಮೋಡವಾದರೆ ಅದು ತಪ್ಪು ಲೆಕ್ಕ ಹೇಳುತ್ತದೆ ಎಂದು ಮಗಳು ಆಮೇಲೆ ತಿಳಿಸಿದಳು. ಅಷ್ಟರಲ್ಲಿ ದ್ಯಾವಣ್ಣ ನನ್ನ ಸಿದ್ಧಾಂತವನ್ನು ಯಸಳೂರಿನ ಸಂತೆಯವರೆಗೆ ಮುಟ್ಟಿಸಿಬಿಟ್ಟಿದ್ದ.

ಹೀಗಿರುವಾಗ ಶನಿವಾರ ಸಂಜೆ ಶಾರದಾ ಫೋನಿನಲ್ಲಿ, ಊಟ, ಮಳೆ ಎರಡೂ ಮುಗಿದ ಮೇಲೆ, ಇಡಲಿಲ್ಲ.

“ಕೇಳುಸ್ತಾ ಐತಾ? ಮನೆ ಅಗ್ರಿಮೆಂಟ್ ಮುಗೀತು ಕಣ್ರೀ. ಇವಳು ಮೈಸೂರಿಗೆ ಹಾಸ್ಟೆಲಿಗೆ ಹೋಯ್ತಾಳೆ. ಓನರ್ರು ನಾಳೆ ಐದು ಗಂಟೆಗೆ ಬತ್ತಾರಂತೆ. ಇನ್ನೊಂದ್ ಸಲ ಅಗ್ರಿಮೆಂಟ್ ಮಾಡ್ಸಿ ಇಲ್ಲೇ ಇರ್ಲಾ? ಖಾಲಿ ಮಾಡಿ ಅಲ್ಲಿಗೆ ಬಂದ್ಬುಡ್ಲಾ? ಇಲ್ಲಿ ಬ್ಲೌಸ್ ಹೊಲಿಯೋ ಕೆಲಸಾನೂ ಕೈ ಹತ್ತೈತೆ. ನೀವು ಹೆಂಗೆ ಹೇಳಿದ್ರೆ ಹಂಗೆ.”

ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಬಾ! ಒಂದೇ ಅಕ್ಷರ. ಆದರೆ ಎಡಗಡೆ ಕಮಲಕ್ಕ ತಂಗಿಯ ಜೊತೆ ಮಾತಾಡುವುದನ್ನು ನಿಲ್ಲಿಸಿದ್ದಳು. ಬಲಗಡೆ ದ್ಯಾವಣ್ಣ ಆಕಾಶವನ್ನು ಎಷ್ಟು ತದೇಕಚಿತ್ತದಿಂದ ನೋಡುತ್ತಿದ್ದನೆಂದರೆ, ಮೇಲೆ ಹಾರುತ್ತಿದ್ದ ಕಾಗೆಗೇ ನಾಚಿಕೆಯಾಗಬೇಕು.

“ನಾಳೆ ಹೇಳ್ತೀನಿ,” ಎಂದೆ.

“ಐದರ ಒಳಗೆ,” ಎಂದಳು.

ಆ ರಾತ್ರಿ ನಾನು ಒಂದು ಮಹಾ ಯೋಜನೆ ರೂಪಿಸಿದೆ. ಯಾರೂ ಇಲ್ಲದ ಜಾಗದಿಂದ ಮಾತಾಡಬೇಕು. ಯಾರೂ ಇಲ್ಲದ, ಆದರೆ ರೇಂಜ್ ಇರುವ ಜಾಗ ಯಾವುದು? ಬಸವನಬೆನ್ನು! ನಮ್ಮ ಎಸ್ಟೇಟಿನ ಆಚೆ ಇರುವ ಹುಲ್ಲುಗುಡ್ಡ. ಈ ಸುತ್ತಿನಲ್ಲಿ ಅದಕ್ಕಿಂತ ಎತ್ತರದ್ದಿಲ್ಲ. ಶಾಲೆಯಲ್ಲಿ ಕಲಿತ ತ್ರೈರಾಶಿ ಲೆಕ್ಕ ಹಾಕಿದೆ. ಕ್ವಾರ್ಟರ್ಸ್‌ನಲ್ಲಿ ರೇಂಜ್ ಸೊನ್ನೆ ಕಡ್ಡಿ. ಐವತ್ತು ಮೀಟರ್ ಮೇಲಿರುವ ರೇಂಜ್ ಕಲ್ಲಿನಲ್ಲಿ ಎರಡು ಕಡ್ಡಿ. ಹಾಗಾದರೆ ಇನ್ನೂರೈವತ್ತು ಮೀಟರ್ ಮೇಲಿರುವ ಬಸವನಬೆನ್ನಿನಲ್ಲಿ ಎಷ್ಟು? ಹತ್ತು ಕಡ್ಡಿ! ಫೋನಿನಲ್ಲಿ ತೋರಿಸಲು ಇರುವುದೇ ನಾಲ್ಕು. ಉಳಿದ ಆರನ್ನು ಏನು ಮಾಡುವುದೆಂದು ಸ್ವಲ್ಪ ಹೊತ್ತು ಚಿಂತಿಸಿ ನಿದ್ದೆ ಹೋದೆ.

ಬೆಳಗ್ಗೆ ಎಂಟಕ್ಕೆ ಚಪಾತಿ ಕಟ್ಟಿಕೊಂಡು, ಫೋನಿಗೆ ಪೂರ್ತಿ ಚಾರ್ಜ್ ತುಂಬಿಸಿಕೊಂಡು ಹೊರಟೆ. ರಸ್ತೆ ದಾಟುವಾಗ ಸಕಲೇಶಪುರದ ಬಸ್ಸು ಬಂದು ನನ್ನ ಪಕ್ಕದಲ್ಲೇ ನಿಂತಿತು.

“ಹತ್ತಿ ರೈಟ್ರೆ, ಸೀಟ್ ಐತೆ,” ಎಂದ ಕಂಡಕ್ಟರ್.

“ಇಲ್ಲ ಮಾರಾಯ, ಅರ್ಜೆಂಟಾಗಿ ಹಾಸನಕ್ಕೆ ಮಾತಾಡೋದೈತೆ. ಗುಡ್ಡ ಹತ್ತುತಾ ಇವ್ನಿ,” ಎಂದು ಕೈ ಬೀಸಿ ಬಸ್ಸನ್ನು ಕಳಿಸಿದೆ. ಅವನು ಕಿಟಕಿಯಿಂದ ಕತ್ತು ಹೊರಗೆ ಹಾಕಿ ತಿರುವಿನ ತನಕ ನನ್ನನ್ನೇ ನೋಡುತ್ತಿದ್ದ.

ಹತ್ತುತ್ತಾ ಹತ್ತುತ್ತಾ ಹೇಳಬೇಕಾದ ಮಾತನ್ನು ಅಭ್ಯಾಸ ಮಾಡಿದೆ. “ಶಾರದಾ, ಮನೆ ಖಾಲಿ ಮಾಡ್ಕೊಂಡು ಬಾ. ಒಬ್ನೇ ಇದ್ದು ಇದ್ದು ಸಾಕಾಗೈತೆ.” ಮೊದಲು ಕಾಫಿ ಗಿಡಗಳಿಗೆ ಹೇಳಿದೆ. ಆಮೇಲೆ ಮೇಯುತ್ತಿದ್ದ ಒಂದು ಹಸುವಿಗೆ ಹೇಳಿದೆ. ಹಸು ಮೇಯುವುದು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿಯಿತು. ದನಿಯಲ್ಲಿ ಇನ್ನೂ ಮೃದುತ್ವ ಬೇಕು ಎಂದು ತಿಳಿದುಕೊಂಡೆ.

ಐವತ್ತು ಹೆಜ್ಜೆಗೊಮ್ಮೆ ನಿಂತು ಎತ್ತರ ನೋಡುವುದು, ಖುಷಿಪಡುವುದು, ಮುಂದೆ ನಡೆಯುವುದು. ಒಂದು ಸಾವಿರ ಮೀಟರ್ ಮುಟ್ಟಿದಾಗ ನನಗೆ ನಾನೇ ಶಭಾಷ್ ಹೇಳಿಕೊಂಡೆ. ಬೇರೆ ಯಾರೂ ಇರಲಿಲ್ಲವಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ತುದಿ ಬಂತು. ವಿಜಯದ ನಗೆ ಬೀರಿ ಫೋನ್ ನೋಡಿದೆ.

ಸೊನ್ನೆ ಕಡ್ಡಿ!

ತಲೆ ಎತ್ತಿ ನೋಡಿದರೆ ಎದುರಿಗೆ ಇನ್ನೊಂದು ಗುಡ್ಡ. ಇದಕ್ಕಿಂತ ಎತ್ತರ, ಇದಕ್ಕಿಂತ ದಪ್ಪ, ನಡುವೆ ಆಳವಾದ ಕಣಿವೆ. ಬಸವನಬೆನ್ನು ಅದು. ನಾನು ಹತ್ತಿ ನಿಂತದ್ದು ಬಸವನ ಬಾಲದ ಬುಡವಿರಬೇಕು. ಹುಲ್ಲುಗುಡ್ಡದ ಬುದ್ಧಿಯೇ ಅದು. ಕೆಳಗಿನಿಂದ ನೋಡಿದರೆ ಇದೇ ತುದಿ ಎನ್ನಿಸುತ್ತದೆ. ಹತ್ತಿದ ಮೇಲೆ ಹಿಂದಿನಿಂದ ಇನ್ನೊಂದು ಇಣುಕುತ್ತದೆ. ಇಪ್ಪತ್ತೆರಡು ವರ್ಷ ಈ ಗುಡ್ಡಗಳ ಬುಡದಲ್ಲೇ ಬದುಕಿದವನಿಗೆ ಇದು ಗೊತ್ತಿರಲಿಲ್ಲವೇ ಎಂದರೆ, ಇರಲಿಲ್ಲ. ನಾವು ಎಸ್ಟೇಟಿನವರು ಗುಡ್ಡವನ್ನು ಮಳೆ ಬರುತ್ತದೋ ಇಲ್ಲವೋ ಎಂದು ನೋಡಲು ಬಳಸುತ್ತೇವೆಯೇ ಹೊರತು ಹತ್ತುವುದಿಲ್ಲ. ಹತ್ತುವವರೆಲ್ಲ ಬೇರೆ ಊರಿನಿಂದ ಕಾರಿನಲ್ಲಿ ಬರುತ್ತಾರೆ.

ಚಪಾತಿ ತಿಂದು, ಹತ್ತಿದ್ದನ್ನೆಲ್ಲ ಇಳಿದು, ಇಳಿದದ್ದಕ್ಕಿಂತ ಹೆಚ್ಚು ಹತ್ತಿ, ನಿಜವಾದ ತುದಿ ಮುಟ್ಟಿದಾಗ ನಾಲ್ಕೂ ಇಪ್ಪತ್ತು. ನಾಲಿಗೆ ಒಣಗಿತ್ತು. ಆದರೆ ಫೋನಿನಲ್ಲಿ ಒಂದಲ್ಲ, ಎರಡಲ್ಲ, ನಾಲ್ಕು ಕಡ್ಡಿ! ಅದರ ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಇನ್ನೊಂದು ಅಂಕಿ ಇತ್ತು. ಚಾರ್ಜ್: ಎರಡು. ದಿನವಿಡೀ ನನಗೆ ಎತ್ತರ ಹೇಳಿ ಹೇಳಿ ಆ್ಯಪ್ ಇಡೀ ಬ್ಯಾಟರಿಯನ್ನು ನುಂಗಿ ಕೂತಿತ್ತು.

ತಡ ಮಾಡದೆ ಡಯಲ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು. ಪಕ್ಕದಲ್ಲೇ ಕೂತು ಮಾತಾಡಿದಂತೆ ಸ್ಪಷ್ಟ.

“ಹಲೋ? ಎಲ್ಲಿದೀರಿ? ಎಷ್ಟು ಚೆನ್ನಾಗಿ ಕೇಳುಸ್ತಾ ಐತೆ!”

ಇಲ್ಲಿ ಯಾರಾದರೂ ಬುದ್ಧಿವಂತನಿದ್ದರೆ ಏನು ಮಾಡುತ್ತಿದ್ದ? ಬಾ ಎನ್ನುತ್ತಿದ್ದ. ನಾನು ಎದೆ ಉಬ್ಬಿಸಿಕೊಂಡು ಹೇಳಿದೆ: “ಶಾರದಾ, ನಾನೀಗ ಸಮುದ್ರ ಮಟ್ಟದಿಂದ ಒಂದು ಸಾವಿರದ ನೂರ ನಲವತ್ತಾರು ಮೀಟರ್ ಎತ್ತರದಲ್ಲಿ ನಿಂತಿದೀನಿ! ಬಸವನಬೆನ್ನಿನ ತುದಿ! ಆ ಕಡೆ ಘಾಟಿ ಪೂರ್ತಿ ಕಾಣ್ತೈತೆ, ಈ ಕಡೆ ಆಲೂರಿನ ಗುಡ್ಡ ಕಾಣ್ತೈತೆ. ಏನು ಗಾಳಿ, ಏನು ಗಾಳಿ!”

“ಅಯ್ಯೋ, ಒಳ್ಳೇದಾಯ್ತು ಬಿಡಿ. ಮನೆ ವಿಷ್ಯ ಏನು ಮಾಡ್ಲಿ?”

“ಅದನ್ನೇ ಹೇಳಾಣ ಅಂತ ಕಣೇ ಇಲ್ಲಿ ತನಕ...”

ಫೋನ್ ಕಪ್ಪಾಯಿತು.

ಒತ್ತಿದೆ. ಕುಟ್ಟಿದೆ. ಬ್ಯಾಟರಿ ಬಿಚ್ಚಿ ಉಜ್ಜೋಣವೆಂದರೆ ಈಗಿನ ಫೋನಿನಲ್ಲಿ ಅದೂ ಬಿಚ್ಚುವುದಿಲ್ಲ. ಒಂದು ಸಾವಿರದ ನೂರ ನಲವತ್ತಾರು ಮೀಟರ್ ಎತ್ತರದಲ್ಲಿ ನಾನು ನನ್ನ ತಲೆಯನ್ನು ನಾನೇ ಚಚ್ಚಿಕೊಂಡೆ.

ಸ್ವಲ್ಪ ಆಚೆ ಬಂಡೆಯ ಮರೆಯಲ್ಲಿ ಇಬ್ಬರು ಹುಡುಗಿಯರು ಕೂತು ಕಿತ್ತಳೆ ಸುಲಿಯುತ್ತಿದ್ದರು. ಮಂಗಳೂರಿನ ಕಡೆಯಿಂದ ಟ್ರೆಕ್ಕಿಂಗ್ ಬಂದವರು. ಯಾರೂ ಇಲ್ಲದ ಜಾಗ ಎಂಬ ನನ್ನ ಲೆಕ್ಕವೂ ತಪ್ಪಾಗಿತ್ತು. ನನ್ನ ಅವಸ್ಥೆ ನೋಡಿ ಒಬ್ಬಳು ಎದ್ದು ಬಂದಳು.

“ಅಂಕಲ್, ಅರ್ಜೆಂಟ್ ಉಂಟಾ? ನನ್ನ ಫೋನಲ್ಲಿ ಮಾಡಿ. ನಂಬರ್ ಹೇಳಿ.”

ನಂಬರ್!

ಮದುವೆಯಾಗಿ ಇಪ್ಪತ್ತು ವರ್ಷ. ಯಾವ ವರ್ಷದ ಜುಲೈನಲ್ಲಿ ಎಷ್ಟು ಇಂಚು ಮಳೆ ಬಿತ್ತು ಕೇಳಿ, ನಿದ್ದೆಯಲ್ಲಿ ಎಬ್ಬಿಸಿ ಕೇಳಿ, ಹೇಳುತ್ತೇನೆ. ಹೆಂಡತಿಯ ನಂಬರ್ ಮಾತ್ರ ಯಾವತ್ತೂ ಪೂರ್ತಿ ಓದಿ ನೋಡಿದವನಲ್ಲ. ‘ಶಾರದಾ’ ಎಂಬ ಹೆಸರನ್ನು ಒತ್ತಿದರೆ ಅವಳು ಬರುತ್ತಿದ್ದಳು.

“ಆಂಟಿ ನಂಬರ್ ನಿಮಗೆ ಬಾಯಿಗೆ ಬರುದಿಲ್ವಾ?” ಎಂದಳು ಇನ್ನೊಬ್ಬಳು. ಕುಹಕವಿರಲಿಲ್ಲ, ಬರೀ ಆಶ್ಚರ್ಯ. ಅದೇ ಹೆಚ್ಚು ಚುಚ್ಚಿತು.

ಗಂಟೆ ನಾಲ್ಕೂ ನಲವತ್ತು. ಕಣ್ಣು ಮುಚ್ಚಿ ನೆನಪು ಕೆದಕಿದೆ. ಮೊದಲ ನಾಲ್ಕು ಅಂಕಿ ಖಚಿತ. ಕೊನೆಯ ಮೂರು ಬಹುಶಃ. ನಡುವಿನದ್ದು ದೇವರ ಮೇಲೆ ಭಾರ ಹಾಕಿದ್ದು. ಮೊದಲನೇ ಸಲ ಈ ನಂಬರ್ ಚಾಲ್ತಿಯಲ್ಲಿಲ್ಲ ಎಂದಿತು. ಎರಡನೇ ಸಲವೂ ಅದೇ. ಮೂರನೇ ಸಲ ರಿಂಗಾಯಿತು! ಆ ಕಡೆ ಎತ್ತಿದ ಸದ್ದು ಕೇಳಿದ್ದೇ ತಡ, ಈ ಬಾರಿ ಸಮಯ ಹಾಳು ಮಾಡಬಾರದೆಂದು ಒಂದೇ ಉಸಿರಿಗೆ ಹೇಳಿಬಿಟ್ಟೆ:

“ಶಾರದಾ, ಮನೆ ಖಾಲಿ ಮಾಡ್ಕೊಂಡು ಬಾ. ಒಬ್ನೇ ಇದ್ದು ಇದ್ದು ಸಾಕಾಗೈತೆ. ಸಂಜೆಯಾದ್ರೆ ಮನೆ ಒಳಗೆ ಹೋಗಕ್ಕೇ ಮನಸ್ಸು ಬರಲ್ಲ ಕಣೇ!”

ಆ ಕಡೆಯಿಂದ ಬಂದದ್ದು ಗಂಡಸಿನ ದಪ್ಪ ದನಿ.

“ಯಾರ್ ಸ್ವಾಮಿ ನೀವು? ಇದು ತಿಪಟೂರು.”

“ಕ್ಷಮಿಸಿ ಸಾರ್, ರಾಂಗ್ ನಂಬರ್.”

“ಇರ್ಲಿ ಬಿಡಿ,” ಎಂದಿತು ದನಿ. ಇಡಲಿಲ್ಲ. “ನಾನೂ ಒಬ್ನೇ ಇರಾದು. ಬೆಳಗ್ಗಿಂದ ಯಾರೂ ಫೋನ್ ಮಾಡಿರ್ನಿಲ್ಲ. ಊಟ ಆಯ್ತಾ?”

“ಆಯ್ತು. ನಿಮ್ದು?”

“ಆಯ್ತು. ಮಳೆ ಐತಾ ಆ ಕಡೆ?”

“ಬರಂಗೈತೆ.”

“ಸರಿ, ಇಡ್ತೀನಿ.”

ಫೋನ್ ವಾಪಸ್ ಕೊಡುವಾಗಲೇ ನನಗೆ ಹೊಳೆಯಿತು. ಮೂರು ವರ್ಷ ಹೆಂಡತಿಯೊಡನೆ ಆಡಿದ ಮಾತನ್ನೇ ಈಗ ಗುರುತಿಲ್ಲದ ಒಬ್ಬನ ಜೊತೆ ಅಕ್ಷರ ಬಿಡದೆ ಆಡಿದ್ದೆ. ಹೆಂಡತಿಗೆ ಹೇಳಬೇಕಾದದ್ದನ್ನು ಅವನಿಗೆ ಹೇಳಿದ್ದೆ. ಹುಡುಗಿಯರಿಬ್ಬರೂ ಆಕಾಶ ನೋಡುತ್ತಿದ್ದರು. ಕಿತ್ತಳೆಯ ಎರಡು ತೊಳೆ ನನ್ನ ಕೈಗಿಟ್ಟು, “ಸಿಗ್ತಾರೆ ಅಂಕಲ್, ಬೇಗ ಕೆಳಗೆ ಹೋಗಿ,” ಎಂದರು.

ಓಡಿದೆ. ಐವತ್ತರ ಹತ್ತಿರದ ಮನುಷ್ಯ ಓಡಿದ್ದನ್ನು ಓಡಿದೆ ಎನ್ನಬಹುದಾದರೆ. ಕಾಲು ಗಂಟೆಯಲ್ಲಿ ಮಂಜು ಬಂದು ಗುಡ್ಡವನ್ನು ಮುಚ್ಚಿತು. ಕಾಲಿನ ಕೆಳಗಿನ ಹುಲ್ಲು ಬಿಟ್ಟರೆ ಬೇರೇನೂ ಇಲ್ಲ. ಆ ಬಿಳುಪಿನ ಮಧ್ಯೆ ನಿಂತು ಯಾರನ್ನಾದರೂ ಕೂಗೋಣವೆಂದರೆ ಯಾರ ಹೆಸರು ಕೂಗಬೇಕೆಂದೇ ತೋಚಲಿಲ್ಲ. ಅಷ್ಟು ಭಯ, ಅಷ್ಟು ಒಂಟಿತನ ನನಗೆ ಹಿಂದೆಂದೂ ಆಗಿರಲಿಲ್ಲ. ಮುಂದಿನ ಹೆಜ್ಜೆ ಒದ್ದೆ ಹುಲ್ಲಿನ ಮೇಲೆ ಇಟ್ಟೆ. ಅಲ್ಲಿಂದ ನಲವತ್ತು ಅಡಿಯನ್ನು ಕೂತುಕೊಂಡೇ ಇಳಿದೆ! ಎದ್ದು ತಡವಿ ನೋಡಿದರೆ ಪ್ಯಾಂಟು ಹಿಂದುಗಡೆ ಎರಡು ಹೋಳು. ಹೆಗಲ ಮೇಲಿದ್ದ ಟವೆಲ್ಲನ್ನು ಸೊಂಟಕ್ಕೆ ಸುತ್ತಿಕೊಂಡು, ನೀರಿನ ಸದ್ದು ಹಿಡಿದು ತೋಟಕ್ಕೆ ಬಂದು ಬಿದ್ದೆ.

ರೇಂಜ್ ಕಲ್ಲು ಮುಟ್ಟಿದಾಗ ಆರೂವರೆ. ಎಲ್ಲರೂ ಅವರವರ ಜಾಗದಲ್ಲಿ ಹಾಜರಿದ್ದರು. ಕೆಸರು, ಟವೆಲ್ಲು, ಕೆದರಿದ ತಲೆ ನೋಡಿ ದ್ಯಾವಣ್ಣ ಹೌಹಾರಿದ.

“ಏನಾಯ್ತು ರೈಟ್ರೆ? ಆನೆ ಅಟ್ಟುಸ್ಕಂಡು ಬಂತಾ?”

ಚಾರ್ಜ್ ಬೇಕು ಎಂದೆ. ಅವನ ಪವರ್ ಬ್ಯಾಂಕು ಸಿಕ್ಕಿಸಿ, ಫೋನ್ ಜೀವ ಹಿಡಿಯುವ ತನಕ ಇಡೀ ಕಥೆ ಹೇಳಿದೆ. ಅವನು ಕೇಳಿ, ತಲೆ ಕೆರೆದುಕೊಂಡ.

“ಅಲ್ಲ ರೈಟ್ರೆ, ಬೆಳಗ್ಗೆ ಬಸ್ಸು ಹತ್ತಿದ್ರೆ ಹನ್ನೊಂದು ಗಂಟೆಗೆ ಹಾಸನದಲ್ಲಿ ಅಕ್ಕಾರ ಎದ್ರಿಗೇ ಕೂತ್ಕಂಡು ಹೇಳ್ಬೋದಿತ್ತಲ್ಲ?”

ನಾನು ಟವೆಲ್ಲಿನ ಗಂಟು ಬಿಗಿ ಮಾಡಿಕೊಂಡೆ.

ಫೋನ್ ಹತ್ತಿಕೊಂಡಿತು. ನನ್ನ ಜಾಗದಲ್ಲಿ ನಿಂತೆ. ಎಡಕ್ಕೆ ಕಮಲಕ್ಕ, ಬಲಕ್ಕೆ ದ್ಯಾವಣ್ಣ, ಹಿಂದೆ ಇನ್ನೂ ಐದಾರು ಜನ. ಎಲ್ಲರ ಮುಖವೂ ಒಟ್ಟಿಗೆ ಆಕಾಶಕ್ಕೆ ತಿರುಗಿತು.

“ಶಾರದಾ!” ರೇಂಜ್ ಎರಡೇ ಕಡ್ಡಿ, ಕೂಗದೆ ವಿಧಿಯಿರಲಿಲ್ಲ. “ಮನೆ ಖಾಲಿ ಮಾಡ್ಕೊಂಡು ಬಾ! ಒಬ್ನೇ ಇದ್ದು ಇದ್ದು ಸಾಕಾಗೈತೆ!”

ಫೋನನ್ನು ಕಿವಿಗೆ ಒತ್ತಿ ಹಿಡಿದೆ.

“ಓನರ್ರು ಐದೂವರೆ ತನಕ ಕೂತಿದ್ರು ಕಣ್ರೀ,” ಎಂದಳು ಮೆಲ್ಲಗೆ. “ನಿಮ್ಮ ಫೋನು ಸ್ವಿಚ್ ಆಫ್. ನೀವು ಬೆಟ್ಟ, ಗಾಳಿ ಅಂತ ಅಷ್ಟು ಖುಷಿಯಾಗಿ ಮಾತಾಡಿದ್ರಿ. ನಾನಿಲ್ದೆ ಇದ್ರೂ ಆರಾಮಾಗವ್ರೆ, ಗುಡ್ಡ ಪಡ್ಡ ಸುತ್ಕೊಂಡವ್ರೆ ಅಂದ್ಕೊಂಡೆ. ಸೈನ್ ಮಾಡ್ಬುಟ್ಟೆ.”

“ಎಷ್ಟು ದಿನಕ್ಕೆ?”

“ಹನ್ನೊಂದು ತಿಂಗಳು.”

ದ್ಯಾವಣ್ಣನ ಫೋನಿನಲ್ಲಿ ಯಾರೋ ಹಲೋ ಹಲೋ ಎನ್ನುತ್ತಿದ್ದರು. ಅವನು ಆಕಾಶವನ್ನೇ ನೋಡುತ್ತಿದ್ದ.

“ರೀ,” ಎಂದಳು ಶಾರದಾ. “ಮೊದ್ಲು ಏನೋ ಹೇಳಿದ್ರಲ್ಲ, ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ ಸಲ ಹೇಳಿ.”

ಸಮಸ್ತ ಪ್ರಜೆಗಳ ಸಮ್ಮುಖದಲ್ಲಿ, ಟವೆಲ್ಲು ಸುತ್ತಿಕೊಂಡು, ಇನ್ನೂ ಜೋರಾಗಿ ಹೇಳಿದೆ.

“ಈಗ ಕೇಳುಸ್ತಾ?”

“ಮೊದಲ್ನೇ ಸಲಾನೂ ಕೇಳಿಸಿತ್ತು,” ಎಂದಳು. ಮೂಗೊರೆಸಿಕೊಂಡ ಸದ್ದು ಬಂತು. “ಮೂರು ವರ್ಷದಲ್ಲಿ ಒಂದ್ ಸಲ ಹೇಳಿದ್ರೆ ಏನಾಗ್ತಿತ್ತು ನಿಮಗೆ?”

ಏನೂ ಆಗುತ್ತಿರಲಿಲ್ಲ. ಕಲ್ಲಿನ ಮೇಲಿದ್ದವರು ಯಾರೂ ನಗಲಿಲ್ಲ. ನಾನು ಇಳಿದು ಹೊರಟಾಗ ಕಮಲಕ್ಕ, “ರೈಟ್ರೆ, ಅನ್ನ ಗಿನ್ನ ಇಡಕ್ಕೆ ಹೋಗ್ಬ್ಯಾಡಿ, ನಮ್ಮನೇಲೇ ಉಣ್ಣಿ,” ಎಂದಳು. ಅಡಿಗೆ ಮಾಡಿಟ್ಟಿದ್ದೇನೆ ಎಂದು ಸುಳ್ಳು ಹೇಳಿ ಕ್ವಾರ್ಟರ್ಸಿಗೆ ಬಂದೆ. ಬೀಗ ತೆಗೆದು, ಪ್ಯಾಂಟು ಬದಲಿಸಿ, ಒಲೆ ಹಚ್ಚಿ ಅಕ್ಕಿ ತೊಳೆದೆ. ಅನ್ನ ಬೆಂದು ಮುಚ್ಚಳ ತೆಗೆದಾಗಲೇ ಗೊತ್ತಾದದ್ದು, ಇಬ್ಬರಿಗೆ ಇಟ್ಟುಬಿಟ್ಟಿದ್ದೆ! ಮಾರನೇ ದಿನ ಬೆಳಗ್ಗೆಯೂ ಚಿತ್ರಾನ್ನ, ಮಧ್ಯಾಹ್ನವೂ ಚಿತ್ರಾನ್ನ ತಿಂದೆ.